ಮುನ್ನೂರು ಪದ ಮೀರದಂತೆ

ರಾತ್ರಿ ಎರಡೂವರೆ. ಪೋರ್ತು ಊರಿನ ಈ ಹೋಟೆಲಿನಲ್ಲಿ
ಎಚ್ಚರವಿರುವವು ಮೂರೇ:
ಐಸಿನ ಯಂತ್ರ, ನಾನು,
ಅರ್ಜಿಯ ನಾಲ್ಕನೆಯ ಪ್ರಶ್ನೆ.

'ನಿಮ್ಮ ಸೋಲೊಂದನ್ನು ವಿವರಿಸಿ. ಮುನ್ನೂರು ಪದ ಮೀರದಂತೆ.'

ಮೊದಲ ಮೂರು ಸಲೀಸಾಗಿ ಮುಗಿದಿದ್ದವು.
ಹೆಸರು ಲಿಬಾನಿಯ. ವಯಸ್ಸು ಮೂವತ್ತನಾಲ್ಕು.
ಎಂಬಿಎ ಯಾಕೆ, ಈಗಲೇ ಯಾಕೆ?
ವ್ಯವಹಾರವನ್ನು ಇಡಿಯಾಗಿ ನೋಡುವ ಆಸೆ ಎಂದು ಬರೆದೆ.
ಮೊಣಕಾಲು ನೋಯುತ್ತದೆ ಎಂದು ಬರೆಯಲಿಲ್ಲ.
ಹನ್ನೊಂದು ಕ್ರಿಸ್ಮಸ್ಸು ಈ ಕೌಂಟರಿನ ಹಿಂದೆ
ನಿಂತೇ ಕಳೆದವು ಎಂದೂ.

ದಿನಕ್ಕೆ ನಲವತ್ತು ಸಲ ಕ್ಷಮೆ ಕೇಳುವವಳಿಗೆ
ಸೋಲಿಗೇನು ಬರ?
ಬೆಳಗಿನ ಜಾವ ಕಿರುಚುವ ಕಡಲಹಕ್ಕಿಗಳ ಪರವಾಗಿ ಕೇಳಿದ್ದೇನೆ.
ದುಡ್ಡು ಕೊಟ್ಟು ಕೊಂಡ ಕಿಟಕಿಯ ನೋಟವನ್ನು
ನುಂಗಿ ಕೂತ ದೋರು ನದಿಯ ಮಂಜಿನ ಪರವಾಗಿ.
ಟ್ರಾಮು ತಡವಾದದ್ದಕ್ಕೆ, ಬೀದಿ ಕಡಿದಾದದ್ದಕ್ಕೆ,
ಉಪ್ಪುಮೀನಿಗೆ ಉಪ್ಪು ಹೆಚ್ಚಾದದ್ದಕ್ಕೆ.
ಒಮ್ಮೆ, ಎರಡು ಹೆಸರಿನಲ್ಲಿ ಕೋಣೆ ಹಿಡಿದು
ಒಬ್ಬಳೇ ಬಂದ ಮದುಮಗಳಿಗೆ,
ಬಾರದೆ ಹೋದ ಅವನ ಪರವಾಗಿ.

ಅವೆಲ್ಲ ಊರ ತಪ್ಪು, ಹವೆಯ ತಪ್ಪು.
ಬಾಯಿ ಮಾತ್ರ ನನ್ನದು, ಅದೂ ಸಂಬಳಕ್ಕೆ.
ಈಗ ಬೇಕಾದದ್ದು ಸಹಿ ಹಾಕಿ ಕೊಡಬಲ್ಲಂಥ
ಸ್ವಂತದ್ದೊಂದು.

ಇದೆ.
ಆ ಅಕ್ಟೋಬರು. ಇದ್ದ ಕೋಣೆ ನೂರ ಹದಿನೆಂಟು,
ಮಾರಿದ್ದು ನೂರ ಇಪ್ಪತ್ತೈದು.
ಲೆಕ್ಕ ನನ್ನದೇ. ಕಾದಿರಿಸಿದವರಲ್ಲಿ
ನೂರಕ್ಕೆ ಆರು ಮಂದಿ ಬರುವುದೇ ಇಲ್ಲ:
ಐದು ವರ್ಷದ ಅಂಕಿಗಳನ್ನು, ಇಂಥವೇ ರಾತ್ರಿಗಳಲ್ಲಿ,
ಜಾಲಾಡಿ ಕಂಡುಕೊಂಡದ್ದು.
ಮ್ಯಾನೇಜರು ಬೆನ್ನು ತಟ್ಟಿದ್ದರು.
ಅವತ್ತು ಎಲ್ಲರೂ ಬಂದರು,
ಒಬ್ಬರೂ ತಪ್ಪದೆ, ಮದುವೆ ಮನೆಗೆ ಬಂದ ಹಾಗೆ.

ಕೊನೆಯಲ್ಲಿ ಬಂದವರು ದೊನ ಎರ್ಮೆಲಿಂದ.
ಬ್ರಗಾನ್ಸದಿಂದ ಬಸ್ಸು ಹಿಡಿದು, ಎಂಬತ್ತು ದಾಟಿದ ಹೆಂಗಸು,
ವರ್ಷಕ್ಕೊಂದೇ ರಾತ್ರಿ, ಪ್ರತಿಸಲವೂ ಮುನ್ನೂರ ಏಳು.
ಯಾಕೆಂದು ಯಾರೂ ಕೇಳಿರಲಿಲ್ಲ.
ಕೇಳದಿರುವುದೂ ನಮ್ಮ ಸೇವೆಯ ಒಂದು ಭಾಗ.
ಟ್ಯಾಕ್ಸಿ ಕರೆದೆ. ನಿಲ್ದಾಣದ ಪಕ್ಕದ ಹೋಟೆಲು,
ಖರ್ಚು ನಮ್ಮದೇ, ಬೆಳಗಿನ ತಿಂಡಿ ಉಚಿತ, ಹೀಗೆ
ಏನೇನೋ ಒದರುತ್ತ ಬಾಗಿಲವರೆಗೆ ಹೋದೆ.
ಸೂಟ್‌ಕೇಸಿನ ಹಿಡಿಯನ್ನು ನನ್ನ ಕೈಯಿಂದ
ಮೆಲ್ಲಗೆ ಬಿಡಿಸಿಕೊಂಡರು.
'ಇರಲಿ ಮಗು, ನಿನ್ನ ತಪ್ಪೇನಿದೆ ಇದರಲ್ಲಿ?'

ಇತ್ತು. ಹೇಳಲಿಲ್ಲ.

ಮರುವರ್ಷ ಅದೇ ದಿನ ಮುನ್ನೂರ ಏಳನ್ನು
ಯಾರಿಗೂ ಕೊಡದೆ ನಡುರಾತ್ರಿವರೆಗೆ ಕಾದೆ.
ನೂರಕ್ಕೆ ಆರರಲ್ಲಿ ಅವರೂ ಒಬ್ಬರಾಗಿದ್ದರು.

ಬರೆದೆ. ಇನ್ನೂರ ತೊಂಬತ್ತೆರಡು ಪದ.
ಓದಿಕೊಂಡರೆ, ಹಾಳಾದ್ದು, ಚೆನ್ನಾಗಿಯೇ ಬಂದಿದೆ.
ಅಂಕಿ ಇದೆ, ಕಲಿತ ಪಾಠ ಇದೆ,
'ಆದಾಯ ನಿರ್ವಹಣೆ' ಎಂಬ ಮಾತೂ
ಎರಡನೆಯ ಪ್ಯಾರಾದಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದೆ.
ಅದೇ ಮುದುಕಿಯನ್ನು ಇನ್ನೊಮ್ಮೆ ಮಾರಿದೆನೆ?
ಎರಡು ವರ್ಷ, ಅಷ್ಟು ಸಾಲ, ನಾನು ಕಲಿಯ ಹೊರಟಿರುವುದು
ಹಾಗೆ ಮಾಡದಿರುವುದನ್ನೋ,
ಮಾಡಿಯೂ ನಿದ್ದೆ ಹೋಗುವುದನ್ನೋ?

ಎಂಟು ಪದ ಮಿಕ್ಕಿದ್ದವು.
ಐದನ್ನು ಖರ್ಚು ಮಾಡಿದೆ, ಯಾವ ಪಾಠವೂ ಇಲ್ಲದೆ:
ಎರಡು ದಿಂಬು ಇಡುತ್ತಿದ್ದೆವು. ನಲುಗುತ್ತಿದ್ದದ್ದು ಒಂದೇ.

ಐದೂವರೆ. ಹಿಂಬಾಗಿಲು ತೆರೆದ ಸದ್ದು, ಬಿಸಿ ಬ್ರೆಡ್ಡಿನ ವಾಸನೆ.
'ಸಲ್ಲಿಸು' ಒತ್ತಿದೆ. ತೆರೆಯ ಮೇಲೆ ತಕ್ಷಣ:
'ನಿಮ್ಮ ಅರ್ಜಿ ತಲುಪಿದೆ. ನಿಮ್ಮ ತಾಳ್ಮೆಗೆ ವಂದನೆಗಳು.'
ಈ ದನಿ ನನಗೆ ಗೊತ್ತು.
ಎಲ್ಲೋ ಒಬ್ಬಳು, ಒಂದು ಕಾಲಿನಿಂದ ಇನ್ನೊಂದಕ್ಕೆ
ಭಾರ ಬದಲಿಸುತ್ತ ಬರೆದದ್ದು.

'ಎರಡು ಬನ್ನು ಕಮ್ಮಿ ಇವೆ, ಕ್ಷಮಿಸು,'
ಅದೆರಿತು ಬುಟ್ಟಿ ಇಳಿಸಿದ.
'ನೀನೇನು ಬೇಯಿಸಿದ್ದಾ?' ಅಂದೆ.
ಎಣಿಸಿದೆ.
ಎರಡಲ್ಲ, ಮೂರು.